ರೋಮನ್ ಸೈನಿಕರಿಗೆ ಉಪ್ಪೇ ಸಂಬಳವಾಗಿತ್ತೇ?

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ‘ಸ್ಯಾಲರಿ’ ಎಂಬ ಪದ ಬಂದಾಗಲೆಲ್ಲ, ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರು, ಪದ ಹುಟ್ಟಿದ್ದು ಹಾಗೆ ಎಂದು ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಈ ಸಲ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, ‘ಹಂಗಾದ್ರ ಅಂಗಡ್ಯಾಗ ಚಿಲ್ಲರೆ ಹೆಂಗ ಕೊಡತಿದ್ರು ಟೀಚರ್?’ ಎಂದ. ಕ್ಲಾಸೆಲ್ಲ ನಕ್ಕಿತು, ನನಗೆ ಉತ್ತರ ಹೊಳೆಯಲಿಲ್ಲ. ಈ ಕತೆ ನಿಜವೇ? ಇನ್ನೊಂದು ಮಾತು: ನಮ್ಮ ಕಡೆಯ ‘ಪಗಾರ’ ಕೂಡ ಅದೇ ಲ್ಯಾಟಿನ್ ಉಪ್ಪಿನಿಂದ ಬಂದದ್ದು ಎಂದು ನಮ್ಮ ಶಾಲೆಯ ಸರ್ ಒಬ್ಬರು ಹೇಳುತ್ತಾರೆ. ಅದಾದರೂ ಸರಿಯೇ?

ಉತ್ತರ: ಆ ಹುಡುಗನ ಪ್ರಶ್ನೆಯನ್ನು ನಗುವಿನಲ್ಲಿ ತೇಲಿಸಿಬಿಡಬೇಡಿ. ದೊಡ್ಡ ದೊಡ್ಡ ನಿಘಂಟುಗಳನ್ನು ಬರೆದವರು ಕೇಳಿಕೊಳ್ಳದೆ ಬಿಟ್ಟದ್ದನ್ನು ಅವನು ಕೇಳಿದ್ದಾನೆ. ಚುಟುಕಾಗಿ ಹೇಳುವುದಾದರೆ, ಸ್ಯಾಲರಿ ಎಂಬ ಪದದೊಳಗೆ ಉಪ್ಪು ಇರುವುದು ಖಂಡಿತ. ಆದರೆ ಸೈನಿಕರಿಗೆ ಉಪ್ಪನ್ನು ಅಳೆದು ಸಂಬಳ ಕೊಟ್ಟರು ಎನ್ನುವುದಕ್ಕೆ ರೋಮನ್ನರ ಕಾಲದ ಸಾಕ್ಷಿ ಒಂದೂ ಇಲ್ಲ. ಪದದ ಹುಟ್ಟು ಒಂದು ವಿಷಯ, ಅದಕ್ಕೆ ಜನ ಕಟ್ಟಿದ ಕತೆ ಇನ್ನೊಂದು. ಇಲ್ಲಿ ಎರಡೂ ಕಲಸಿಹೋಗಿವೆ.

ಮೊದಲು ಖಚಿತವಾದದ್ದನ್ನು ನೋಡೋಣ. ಲ್ಯಾಟಿನ್ನಿನಲ್ಲಿ ಉಪ್ಪಿಗೆ ‘ಸಾಲ್’ ಎನ್ನುತ್ತಾರೆ. ಅದಕ್ಕೆ ‘-ಆರಿಯುಸ್’ ಪ್ರತ್ಯಯ ಹತ್ತಿದರೆ ‘ಸಲಾರಿಯುಸ್’, ಅಂದರೆ ಉಪ್ಪಿಗೆ ಸಂಬಂಧಿಸಿದ್ದು. ಅದರ ನಪುಂಸಕ ಲಿಂಗದ ರೂಪ ‘ಸಲಾರಿಯುಮ್’. ಈ ‘-ಆರಿಯುಮ್’ ಬಾಲ ನಿಮಗೆ ಹೊಸದೇನಲ್ಲ. ಮೀನು ಸಾಕುವ ಅಕ್ವೇರಿಯಂನಲ್ಲಿ ಇರುವುದು ಅದೇ. ‘ಅಕ್ವ’ ಎಂದರೆ ನೀರು. ನಿಮ್ಮ ಸ್ಟಾಫ್ ರೂಮಿನ ಅಲಮಾರಿನಲ್ಲಿಯೂ ಅದು ಅಡಗಿ ಕೂತಿದೆ: ಆಯುಧ, ಸಲಕರಣೆ ಇಡುವ ಪೆಟ್ಟಿಗೆಗೆ ಲ್ಯಾಟಿನ್ನಿನಲ್ಲಿ ‘ಅರ್ಮಾರಿಯುಮ್’ ಎಂಬ ಹೆಸರಿತ್ತು, ಪೋರ್ಚುಗೀಸರ ಬಾಯಲ್ಲಿ ಅದು ‘ಅರ್ಮಾರಿಯು’ ಆಯಿತು, ಅವರಿಂದ ನಮಗೆ ಬಂದು ಅಲಮಾರು ಆಯಿತು. ಇರಲಿ, ಸಲಾರಿಯುಮ್‌ಗೆ ಬರೋಣ. ರೋಮ್ ಸಾಮ್ರಾಜ್ಯದ ಕಾಲದಲ್ಲಿ ಅದಕ್ಕೆ ಗೊತ್ತುಪಡಿಸಿದ ಭತ್ಯೆ, ವೇತನ ಎಂಬ ಅರ್ಥ ನೆಲೆಸಿತ್ತು. ಮುಂದೆ ಅದು ಹಳೆಯ ಫ್ರೆಂಚಿಗೆ ಹೋಗಿ, ಇಂಗ್ಲೆಂಡಿನ ನಾರ್ಮನ್ ಫ್ರೆಂಚ್‌ನಲ್ಲಿ ‘ಸಲಾರಿ’ ಆಗಿ, 14ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಇಳಿಯಿತು. ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ.

ಉಪ್ಪಿನ ಪದವೊಂದು ಸಂಬಳದ ಪದವಾದದ್ದು ಹೇಗೆ ಎಂದು ಕೇಳಿದಾಗ ತಕರಾರು ಶುರುವಾಗುತ್ತದೆ. ಉಪ್ಪಿನ ಕತೆಗೆ ಎಲ್ಲರೂ ಕೈತೋರಿಸುವುದು ರೋಮನ್ ಲೇಖಕ ಹಿರಿಯ ಪ್ಲಿನಿಯ ಕಡೆಗೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತವನು ಅವನೇ. 37 ಸಂಪುಟಗಳ ಅವನ ‘ನಿಸರ್ಗ ಚರಿತ್ರೆ’ಯ 31ನೆಯ ಸಂಪುಟದಲ್ಲಿ ಉಪ್ಪಿನ ಮೇಲೆ ಉದ್ದದ ಬರಹವಿದೆ. ಉಪ್ಪಿಲ್ಲದೆ ನಾಗರಿಕ ಬದುಕೇ ಸಾಧ್ಯವಿಲ್ಲ ಎಂದು ಹೊಗಳುತ್ತಾ, ಚಾತುರ್ಯದ ಮಾತಿಗೂ ಹಾಸ್ಯಕ್ಕೂ ನಾವು ‘ಉಪ್ಪು’ ಎಂದೇ ಹೇಳುತ್ತೇವಲ್ಲ ಎನ್ನುತ್ತಾನೆ. ಅದರ ಬೆನ್ನಿಗೇ ಇನ್ನೊಂದು ವಾಕ್ಯ ಬರುತ್ತದೆ: ಅಧಿಕಾರದ ಹುದ್ದೆಗಳಿಗೂ ಸೈನ್ಯದ ಸೇವೆಗೂ ಉಪ್ಪಿನ ನಂಟಿದೆ, ‘ಸಲಾರಿಯ’ ಎಂಬ ಹೆಸರು ಬಂದದ್ದು ಅದರಿಂದ, ಹಿಂದಿನವರಲ್ಲಿ ಉಪ್ಪಿಗೆ ಎಷ್ಟು ಮರ್ಯಾದೆ ಇತ್ತೆನ್ನುವುದು ಸಲಾರಿಯಾ ರಸ್ತೆಯ ಹೆಸರಿನಿಂದಲೂ ತಿಳಿಯುತ್ತದೆ, ರೋಮಿನ ನೆರೆಯ ಸಬೈನ್ ಜನರ ನಾಡಿಗೆ ಉಪ್ಪು ಹೋಗುತ್ತಿದ್ದದ್ದು ಆ ದಾರಿಯಲ್ಲೇ.

ಇಷ್ಟೇ. ಸೈನಿಕನಿಗೆ ಉಪ್ಪು ಕೊಟ್ಟರು ಎಂದು ಅವನು ಹೇಳಿಲ್ಲ, ಉಪ್ಪು ಕೊಳ್ಳಲು ದುಡ್ಡು ಕೊಟ್ಟರು ಎಂದೂ ಹೇಳಿಲ್ಲ. ಉಪ್ಪಿನ ಹೆಸರು ಎಲ್ಲೆಲ್ಲಿ ಹಬ್ಬಿದೆ ನೋಡಿ ಎಂದು ಒಂದು ಪಟ್ಟಿ ಕೊಟ್ಟಿದ್ದಾನೆ. ಸೈನ್ಯದ ಮಾತು ಬಂದದ್ದೂ ‘ಹುದ್ದೆಗಳು’ ಎಂಬ ಪದದ ಹಿಂದೆ ಎನ್ನುವುದನ್ನು ಗಮನಿಸಬೇಕು.

ಹಾಗಾದರೆ ನಮ್ಮ ಕೈಗೆ ಬಂದ ಕತೆಯನ್ನು ಹೆಣೆದವರು ಯಾರು? ಬಹುಪಾಲು ನಿಘಂಟುಕಾರರೇ. 1879ರಲ್ಲಿ ಬಂದ ಲೂಯಿಸ್ ಮತ್ತು ಶಾರ್ಟ್ ಅವರ ಲ್ಯಾಟಿನ್ ನಿಘಂಟು, ಸಲಾರಿಯುಮ್ ಎಂದರೆ ಮೂಲತಃ ಸೈನಿಕರಿಗೆ ಉಪ್ಪಿಗಾಗಿ ಕೊಡುತ್ತಿದ್ದ ಹಣ ಎಂದು ಸಲೀಸಾಗಿ ಬರೆದಿದೆ. ಅಲ್ಲಿಂದ ಶಾಲೆಯ ಪುಸ್ತಕಗಳಿಗೆ, ಕ್ವಿಜ್ ಪುಸ್ತಕಗಳಿಗೆ ಹೋಗುವಾಗ ‘ಉಪ್ಪಿಗಾಗಿ ಹಣ’ ಎಂಬುದು ‘ಹಣದ ಬದಲು ಉಪ್ಪು’ ಆಗಿಬಿಟ್ಟಿತು. ಮೊದಲನೆಯದು ಊಹೆ, ಅದೂ ತಕ್ಕಮಟ್ಟಿಗೆ ನಂಬಬಹುದಾದ ಊಹೆ. ಎರಡನೆಯದಕ್ಕೆ ತಳಬುಡ ಇಲ್ಲ.

ಮೊದಲನೆಯದನ್ನು ನಂಬಬಹುದು ಎಂದದ್ದಕ್ಕೆ ಕಾರಣವಿದೆ. ಹೀಗೆ ವಸ್ತುವಿನ ಹೆಸರಿಗೆ ‘-ಆರಿಯುಮ್’ ಸೇರಿಸಿ ಭತ್ಯೆಗೆ ಹೆಸರಿಡುವುದು ರೋಮನ್ನರ ರೂಢಿ. ಬಟ್ಟೆಗೆ ಕೊಡುವುದು ‘ವೆಸ್ಟಿಯಾರಿಯುಮ್’, ಚಪ್ಪಲಿಗೆ ಕೊಡುವುದು ‘ಕಲ್ಕೆಯಾರಿಯುಮ್’, ಬೂಟಿನ ಅಡಿಗೆ ಹೊಡೆಯುವ ಮೊಳೆಗೆ ‘ಕ್ಲಾವಾರಿಯುಮ್’. ಕ್ರಿ.ಶ. 69ರ ಅಂತರ್ಯುದ್ಧದಲ್ಲಿ ಸೈನಿಕರು ಈ ಕ್ಲಾವಾರಿಯುಮ್ ಬೇಕೆಂದು ಗಲಾಟೆ ಎಬ್ಬಿಸಿದ್ದನ್ನು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಓದುಗರು ತಪ್ಪು ತಿಳಿದಾರು ಎಂದು, ಅದು ಇನಾಮಿನ ಒಂದು ಹೆಸರು ಎಂದು ಪಕ್ಕದಲ್ಲೇ ವಿವರಣೆಯನ್ನೂ ಹಾಕಿದ್ದಾನೆ. ಲಾರಿ ಡ್ರೈವರ್‌ಗೆ ಚಾಪಾನಿಗೆ ಎಂದು ಕೊಟ್ಟ ನೋಟು ಡೀಸೆಲ್‌ಗೆ ಹೋದರೂ ಅದರ ಹೆಸರು ಚಾಪಾನಿಯೇ ತಾನೆ? ರೋಮನ್ ಸೈನಿಕರಿಗೆ ಮೊಳೆಯಲ್ಲಿ ಸಂಬಳ ಕೊಟ್ಟರು ಎಂದು ಯಾವ ಕ್ವಿಜ್ ಪುಸ್ತಕವೂ ಬರೆಯುವುದಿಲ್ಲ. ಉಪ್ಪಿನ ವಿಷಯದಲ್ಲಿ ಮಾತ್ರ ಕಣ್ಣುಮುಚ್ಚಿ ನಂಬಿಬಿಟ್ಟಿದ್ದೇವೆ.

ಚಪ್ಪಲಿ ಭತ್ಯೆಯ ಮೇಲೆ ಒಂದು ಕತೆಯಿದೆ, ಮಕ್ಕಳಿಗೆ ಹೇಳಲು ಉಪ್ಪಿನ ಕತೆಗಿಂತ ಚೆನ್ನಾಗಿದೆ. ಅದಕ್ಕೆ ಆಧಾರವೂ ಉಂಟು: ಸ್ಯುಟೋನಿಯಸ್ ಬರೆದ ಚಕ್ರವರ್ತಿಗಳ ಚರಿತ್ರೆಯಲ್ಲಿದೆ. ಓಸ್ಟಿಯಾ ಮತ್ತು ಪುಟಿಯೋಲಿ ಬಂದರುಗಳಿಂದ ನೌಕಾಪಡೆಯವರು ಸರದಿಯ ಮೇಲೆ ರೋಮಿಗೆ ಕಾಲ್ನಡಿಗೆಯಲ್ಲಿ ಓಡಾಡಬೇಕಿತ್ತು. ಚಪ್ಪಲಿ ಸವೆಯುತ್ತದೆ, ಕಲ್ಕೆಯಾರಿಯುಮ್ ಎಂದು ಏನಾದರೂ ಗೊತ್ತುಮಾಡಿ ಎಂದು ಅವರು ಚಕ್ರವರ್ತಿ ವೆಸ್ಪೇಸಿಯನ್ನನ್ನು ಕೇಳಿಕೊಂಡರು. ಜಿಪುಣತನಕ್ಕೆ ಹೆಸರಾದ ದೊರೆ. ಇನ್ನುಮುಂದೆ ಬರಿಗಾಲಲ್ಲೇ ಓಡಾಡಿ ಎಂದು ಅಪ್ಪಣೆ ಕೊಟ್ಟ. ಅವತ್ತಿನಿಂದ ಅವರು ಹಾಗೆಯೇ ಓಡಾಡುತ್ತಿದ್ದಾರೆ ಎಂದು ಸ್ಯುಟೋನಿಯಸ್ ಕತೆ ಮುಗಿಸುತ್ತಾನೆ.

ಈಗ ಸೈನಿಕರ ನಿಜವಾದ ಸಂಬಳಕ್ಕೆ ಬರೋಣ. ಅದಕ್ಕೆ ಸಲಾರಿಯುಮ್ ಎಂಬ ಹೆಸರೇ ಇರಲಿಲ್ಲ! ಅದು ‘ಸ್ಟಿಪೆಂಡಿಯುಮ್’, ಇವತ್ತು ವೈದ್ಯಕೀಯ ವಿದ್ಯಾರ್ಥಿಗಳು ಹೋರಾಡಿ ಪಡೆಯುವ ಸ್ಟೈಪೆಂಡಿನ ಮೂಲ. ‘ಸ್ಟಿಪ್ಸ್’ ಎಂದರೆ ಚಿಲ್ಲರೆ ನಾಣ್ಯದ ಕಾಣಿಕೆ, ‘ಪೆಂಡೆರೆ’ ಎಂದರೆ ತೂಗಿ ಕೊಡುವುದು. ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಕಾಲಾಳಿಗೆ ವರ್ಷಕ್ಕೆ 225 ದೆನಾರಿಯುಸ್ ಬೆಳ್ಳಿ ನಾಣ್ಯ, ಅದೂ ಮೂರು ಕಂತಿನಲ್ಲಿ. ಕ್ರಿ.ಶ. 14ರಲ್ಲಿ ಡ್ಯಾನ್ಯೂಬ್ ನದಿಯ ಕಡೆಯ ಪನೋನಿಯ ಪ್ರಾಂತ್ಯದ ಸೈನಿಕರು ದಂಗೆ ಎದ್ದಾಗ ಅವರ ಗೋಳು, ಟ್ಯಾಸಿಟಸ್ ಬರೆದ ಪ್ರಕಾರ, ಹೀಗಿತ್ತು: ನಮ್ಮ ದೇಹಕ್ಕೂ ಪ್ರಾಣಕ್ಕೂ ಸೇರಿ ದಿನಕ್ಕೆ 10 ಆಸ್ ಬೆಲೆ ಕಟ್ಟಿದ್ದಾರೆ, ಬಟ್ಟೆ, ಆಯುಧ, ಡೇರೆ ಎಲ್ಲ ಅದರಲ್ಲೇ ಆಗಬೇಕು. 16 ಆಸ್‌ಗೆ ಒಂದು ದೆನಾರಿಯುಸ್. ಗುಣಿಸಿ ನೋಡಿದರೆ ವರ್ಷದ ಲೆಕ್ಕ ಸರಿಹೊಂದುತ್ತದೆ. ಇಷ್ಟೆಲ್ಲ ಗೋಳಿನಲ್ಲಿ ಉಪ್ಪಿನ ಸೊಲ್ಲೇ ಇಲ್ಲ. ಅದಕ್ಕೂ ಹಿಂದೆ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಕಾಲಾಳಿಗೆ ದಿನಕ್ಕೆ ಎಷ್ಟು, ರಾವುತನಿಗೆ ಎಷ್ಟು, ಗೋಧಿ ಎಷ್ಟು ಎಂದು ಒಂದೊಂದಾಗಿ ಬರೆದಿಟ್ಟಿದ್ದಾನೆ. ಅಲ್ಲಿಯೂ ಉಪ್ಪಿನ ಸಂಬಳದ ಸುದ್ದಿಯಿಲ್ಲ.

ಇವರೆಲ್ಲ ಪುಸ್ತಕ ಬರೆದವರು, ದಫ್ತರ ಏನು ಹೇಳುತ್ತದೆ ಎಂದು ಕೇಳುವವರಿಗೆ ಅದೂ ಸಿಕ್ಕಿದೆ. ಈಜಿಪ್ಟಿನ ಒಣ ಮರಳಿನಲ್ಲಿ ಉಳಿದುಕೊಂಡ ಒಂದು ಪಪೈರಸ್ ಹಾಳೆ ಈಗ ಜಿನೀವಾದಲ್ಲಿದೆ. ಕ್ರಿ.ಶ. 81ರ ಸುಮಾರಿನದು, ಇಬ್ಬರು ಸೈನಿಕರ ಪೇ ಸ್ಲಿಪ್ ಎನ್ನಬಹುದು. ಅವರಲ್ಲಿ ಕ್ವಿಂಟುಸ್ ಯೂಲಿಯುಸ್ ಪ್ರೋಕುಲುಸ್ ಎಂಬವನ ಲೆಕ್ಕ ನೋಡಿ. ಮೊದಲ ಕಂತು 248 ದ್ರಾಕ್ಮ. ಅದರಲ್ಲಿ ಹುಲ್ಲಿಗೆ 10 ಹಿಡಿದರು, ಊಟಕ್ಕೆ 80, ಬೂಟು ಮತ್ತು ಕಾಲುಪಟ್ಟಿಗೆ 12, ಶಿಬಿರದ ಸ್ಯಾಟರ್ನೇಲಿಯ ಹಬ್ಬದ ಬಾಬತ್ತು 20, ಬಟ್ಟೆಗೆ 60. ಒಟ್ಟು 182 ಕಡಿತ, ಉಳಿದದ್ದು 66, ಮೊದಲೇ ಖಾತೆಯಲ್ಲಿದ್ದ 136 ಸೇರಿ 202 ಜಮಾ. ಎರಡನೇ ಕಂತಿನಲ್ಲಿ ಹಬ್ಬವೂ ಇಲ್ಲ, ಬಟ್ಟೆಯೂ ಇಲ್ಲ, ಹುಲ್ಲು, ಊಟ, ಬೂಟಿನ ಕಡಿತ ಮೊದಲಿನಂತೆಯೇ, ಹೊಸದಾಗಿ ದಳದ ಧ್ವಜಗಳ ಹೆಸರಿನಲ್ಲಿ 4 ಮಾತ್ರ ಹಿಡಿದರು. ಅವನ ಕೈಗೆ 142 ಉಳಿದು ಖಾತೆ 344ಕ್ಕೆ ಏರಿತು. ಮೂರನೇ ಕಂತಿನಲ್ಲಿ ಬಟ್ಟೆಯ ಖರ್ಚೇ 146 ಬಂದು, ಕಂತು ಪೂರ್ತಿ ಕಡಿತಕ್ಕೇ ಹೋಯಿತು, ಖಾತೆ ಇದ್ದಲ್ಲೇ ಉಳಿಯಿತು. ಉಪ್ಪು ಎಂಬ ಸಾಲು ಜಮೆಯಲ್ಲೂ ಇಲ್ಲ, ಕಡಿತದಲ್ಲೂ ಇಲ್ಲ. ಊಟದ 80ರಲ್ಲೇ ಅದೂ ಸೇರಿತ್ತೆಂದು ಕಾಣುತ್ತದೆ. ಹಬ್ಬದ ಚಂದಾ ಕೂಡ ಸಂಬಳದಲ್ಲೇ ಹಿಡಿಯುತ್ತಿದ್ದರು ಎಂದರೆ ನಿಮ್ಮ ಸ್ಟಾಫ್ ರೂಮಿನವರಿಗೆ ಖುಷಿಯಾದೀತು.

ಇನ್ನು ನಿಮ್ಮ ಹುಡುಗನ ಚಿಲ್ಲರೆಯ ಪ್ರಶ್ನೆ. ಉಪ್ಪು ಆಗ ಬಂಗಾರದಷ್ಟು ತುಟ್ಟಿ ಇತ್ತು ಎಂಬ ಇನ್ನೊಂದು ಮಾತನ್ನು ಈ ಕತೆಯ ಜೊತೆಗೇ ಹೇಳುತ್ತಾರೆ. ತುಟ್ಟಿ ಇರಲಿಲ್ಲ. ಕ್ರಿ.ಶ. 301ರಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿ ಸರಕುಗಳಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿ ಕಲ್ಲಿನ ಮೇಲೆ ಕೆತ್ತಿಸಿದ. ಅದರಲ್ಲಿ ಒಂದು ಅಳತೆ ಗೋಧಿಗೆ 100 ದೆನಾರಿಯುಸ್, ಅದೇ ಅಳತೆಯ ಉಪ್ಪಿಗೂ 100. ಎರಡೂ ಒಂದೇ ದರ. ಈ ಸಮಾನ ದರವನ್ನೇ ಹಿಂದಿನ ಕಾಲಕ್ಕೂ ಹಿಡಿದು, ಒಂದು ಮೋದಿಯುಸ್ ಗೋಧಿಗೆ ಒಂದು ದೆನಾರಿಯುಸ್ ಎಂದು ಅಂದಾಜು ಮಾಡಿದರೆ, ಅಗಸ್ಟಸ್ ಕಾಲದ ಕಾಲಾಳಿಗೆ ವರ್ಷಕ್ಕೆ 225 ಮೋದಿಯುಸ್ ಉಪ್ಪು ಬರಬೇಕಿತ್ತು. ಮೋದಿಯುಸ್ ಎಂದರೆ ಸುಮಾರು 8.7 ಲೀಟರು. ಎಲ್ಲ ಸೇರಿ ಹತ್ತಿರ ಹತ್ತಿರ ಎರಡು ಟನ್ ಆಯಿತು. ಒಬ್ಬ ಆಳಿಗೆ ವರ್ಷಕ್ಕೆ ಒಂದು ಮೋದಿಯುಸ್ ಉಪ್ಪು ಸಾಕು ಎಂದು ಹಿರಿಯ ಕೇಟೋ ತನ್ನ ಕೃಷಿ ಪುಸ್ತಕದಲ್ಲಿ ಬರೆದಿದ್ದಾನೆ. ಮಿಕ್ಕ 224 ಮೋದಿಯುಸ್‌ಗಳನ್ನು ಆ ಸೈನಿಕ ಎಲ್ಲಿ ಹೊತ್ತು ತಿರುಗುತ್ತಿದ್ದ, ಯಾರಿಗೆ ಮಾರುತ್ತಿದ್ದ? ಪಕ್ಕದ ಡೇರೆಯವನ ಹತ್ತಿರವೂ ಅಷ್ಟೇ ಇರುತ್ತಿತ್ತಲ್ಲ.

ಅಗ್ಗವಾಗಿದ್ದ ಮಾತ್ರಕ್ಕೆ ಉಪ್ಪು ಸಣ್ಣ ವಿಷಯವಾಗಿರಲಿಲ್ಲ. ಟೈಬರ್ ನದಿ ಸಮುದ್ರ ಸೇರುವಲ್ಲಿ ಉಪ್ಪಿನಗದ್ದೆಗಳಿದ್ದವು. ಅವುಗಳನ್ನು ಮೊದಲು ಮಾಡಿಸಿದವನು ಅಂಕುಸ್ ಮಾರ್ಕಿಯುಸ್ ಎಂಬ ಪುರಾತನ ಅರಸ, ಜನರಿಗೆ 6000 ಮೋದಿಯುಸ್ ಉಪ್ಪನ್ನು ದಾನವಾಗಿ ಹಂಚಿದವನೂ ಅವನೇ ಎಂದು ರೋಮನ್ನರು ನಂಬಿದ್ದರು. ವ್ಯಾಪಾರಿಗಳು ಬೆಲೆ ಏರಿಸಿದಾಗ ಸರ್ಕಾರವೇ ಉಪ್ಪಿನ ಮಾರಾಟವನ್ನು ಕೈಗೆ ತೆಗೆದುಕೊಂಡದ್ದನ್ನು ಇತಿಹಾಸಕಾರ ಲಿವಿ ಬರೆದಿದ್ದಾನೆ. ಕ್ರಿ.ಪೂ. 204ರಲ್ಲಿ ಉಪ್ಪಿನ ಮೇಲೆ ಹೊಸ ತೆರಿಗೆ ಹಾಕಿಸಿದ ಮಾರ್ಕುಸ್ ಲಿವಿಯುಸ್‌ನಿಗೆ ಜನ ‘ಸಲಿನಾಟರ್’ ಎಂದು ಅಡ್ಡಹೆಸರಿಟ್ಟರು. ಉಪ್ಪಿನವ ಎಂದರ್ಥ. ಮನೆತನಕ್ಕೇ ಅದು ಅಂಟಿಕೊಂಡಿತು. ಪ್ಲಿನಿ ಹೇಳಿದ ಸಲಾರಿಯಾ ರಸ್ತೆ ಇವತ್ತಿಗೂ ಇಟಲಿಯ 4ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ, ಹೆಸರು ಬದಲಾಗಿಲ್ಲ.

ಸಲಾರಿಯುಮ್ ಪಡೆಯುತ್ತಿದ್ದವರು ಯಾರು ಎಂದು ನೋಡಿದರೆ ಕತೆ ಇನ್ನಷ್ಟು ಸಡಿಲವಾಗುತ್ತದೆ. ಹೆಚ್ಚಿನವರು ದೊಡ್ಡ ಮನುಷ್ಯರೇ. ಪ್ರಾಂತ್ಯದ ಅಧಿಪತಿಗಳಿಗೆ ಸಲಾರಿಯುಮ್ ಇತ್ತು. ಟ್ಯಾಸಿಟಸ್‌ನ ಮಾವ ಅಗ್ರಿಕೋಲ ಅಂಥ ಹುದ್ದೆಯನ್ನು ಬಿಟ್ಟುಕೊಟ್ಟಾಗ ಅದಕ್ಕೆ ಬದಲಾಗಿ ವಾಡಿಕೆಯಂತೆ ಕೊಡಬೇಕಾದ ಸಲಾರಿಯುಮ್ ಅನ್ನು ಡೊಮಿಷಿಯನ್ ಚಕ್ರವರ್ತಿ ಕೊಡಲಿಲ್ಲ ಎಂದು ಅಳಿಯ ಸಿಟ್ಟಿನಿಂದ ಬರೆದಿದ್ದಾನೆ. ಮನೆತನ ದೊಡ್ಡದು, ಕೈ ಖಾಲಿ ಎಂಬಂಥ ಸೆನೆಟರುಗಳಿಗೆ ನೀರೋ ಚಕ್ರವರ್ತಿ ವರ್ಷಾಸನ ಗೊತ್ತುಮಾಡಿದ. ಕೆಲವರಿಗೆ ಅದು 5,00,000 ಸೆಸ್ಟರ್ಸ್. ಸೈನಿಕನ 225 ದೆನಾರಿಯುಸ್ ಎಂದರೆ 900 ಸೆಸ್ಟರ್ಸ್. ಒಬ್ಬ ಸೆನೆಟರನ ಸಲಾರಿಯುಮ್‌ನಲ್ಲಿ 555 ಸೈನಿಕರನ್ನು ಒಂದು ವರ್ಷ ಇಟ್ಟುಕೊಳ್ಳಬಹುದಿತ್ತು. ಟೈಬೀರಿಯಸ್ ಚಕ್ರವರ್ತಿ ತನ್ನ ಜೊತೆ ಪ್ರಯಾಣ ಬಂದವರಿಗೆ ಊಟ ಹಾಕುತ್ತಿದ್ದನೇ ಹೊರತು ಸಲಾರಿಯುಮ್ ಕೊಡುತ್ತಿರಲಿಲ್ಲವಂತೆ. ಊಟವೇ ಬೇರೆ, ಸಲಾರಿಯುಮ್ ಬೇರೆ ಎಂಬುದು ಇಲ್ಲಿ ನಿಚ್ಚಳ.

ಉಪ್ಪು ಮತ್ತು ಸಲಾರಿಯುಮ್ ಒಂದೇ ಕಡೆ ಕಾಣಸಿಗುವ ತಮಾಷೆಯ ಜಾಗ ಒಂದಿದೆ. ‘ಹಿಸ್ಟೋರಿಯಾ ಅಗಸ್ಟಾ’ ಎಂಬ ತಡವಾದ ಕಾಲದ ಗ್ರಂಥದಲ್ಲಿ ಕ್ಲಾಡಿಯಸ್ ಎಂಬ ಸೇನಾಧಿಕಾರಿಗೆ ಗೊತ್ತುಮಾಡಿದ ಸಲಾರಿಯುಮ್‌ನ ಪಟ್ಟಿ ಇರುವ ಒಂದು ಪತ್ರ ಬರುತ್ತದೆ. ವರ್ಷಕ್ಕೆ ಗೋಧಿ 3000 ಮೋದಿಯುಸ್, ಬಾರ್ಲಿ 6000, ಹಂದಿಮಾಂಸ, ಹಳೆ ಮದ್ಯ, ಎಣ್ಣೆ, ಮೇಣ, ಕುದುರೆ, ಹೇಸರಗತ್ತೆ, ಒಂಟೆ. ನಡುವೆ ಎಲ್ಲೋ ಉಪ್ಪು, 20 ಮೋದಿಯುಸ್. ಆ ಪತ್ರ ನಕಲಿ ಎಂದು ವಿದ್ವಾಂಸರ ಅಭಿಪ್ರಾಯ. ನಕಲಿ ಬರೆದವನಿಗೂ ಉಪ್ಪು ಅಡುಗೆಮನೆಯ ಒಂದು ಬಾಬತ್ತು, ಅಷ್ಟೇ.

ನಮ್ಮವರಿಗೆ ಈ ಕತೆ ಬೇಗ ಒಗ್ಗುವುದಕ್ಕೆ ಕಾರಣ ನಮ್ಮ ಮಾತಿನಲ್ಲೇ ಇದೆ. ಉಪ್ಪಿನ ಋಣ, ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂದು ಕೇಳಿ ಬೆಳೆದವರಿಗೆ ಧಣಿ ಉಪ್ಪು ಕೊಟ್ಟ, ಆಳು ದುಡಿದ ಎಂದರೆ ಸರಿಯೇ ಅನ್ನಿಸುತ್ತದೆ. ತಮಿಳಿನಲ್ಲಂತೂ ಇದರ ತದ್ರೂಪಿಯೇ ಇದೆ: ‘ಸಂಬಳಂ’ ಎಂದರೆ ಸಂಬಾ ಎಂಬ ಭತ್ತ ಮತ್ತು ‘ಅಳಂ’ ಎಂಬ ಉಪ್ಪಿನಗದ್ದೆ ಸೇರಿ ಆದದ್ದು, ಹಿಂದೆ ಕೂಲಿಯನ್ನು ಭತ್ತ ಉಪ್ಪಿನಲ್ಲಿ ಕೊಡುತ್ತಿದ್ದರು ಎಂದು ಹೇಳುತ್ತಾರೆ. ಕೇಳಲು ಚೆಂದ. ಆದರೆ ದಾರಿಬುತ್ತಿ ಎಂಬ ಅರ್ಥದ ‘ಶಂಬಲ’ ಸಂಸ್ಕೃತದಲ್ಲಿ ಸಿದ್ಧವಾಗಿ ಕೂತಿರುವಾಗ ನಾನಂತೂ ಭತ್ತ ಉಪ್ಪು ಕಲಸಲು ಹೋಗುವುದಿಲ್ಲ. ಉಪ್ಪೇ ಹಣವಾಗಿ ಚಲಾವಣೆಯಲ್ಲಿದ್ದ ನಾಡು ಬೇಕಿದ್ದರೆ ಇಥಿಯೋಪಿಯಾ ಇದೆ. ಅಲ್ಲಿ ‘ಅಮೋಲೆ’ ಎಂಬ ಉಪ್ಪಿನ ಗಟ್ಟಿಗಳು 20ನೆಯ ಶತಮಾನದವರೆಗೂ ನಾಣ್ಯದ ಕೆಲಸ ಮಾಡಿದವು. ನಿಮ್ಮ ಹುಡುಗ ಚಿಲ್ಲರೆಯ ಪ್ರಶ್ನೆಯನ್ನು ಕೇಳಬೇಕಾದದ್ದು ಅಲ್ಲಿ!

ಕ್ಲಾಸಿನಲ್ಲಿ ಏನು ಹೇಳಬೇಕು ಎಂದರೆ, ನಾನಾದರೆ ಹೀಗೆ ಹೇಳುತ್ತೇನೆ: ಸ್ಯಾಲರಿ ಬಂದದ್ದು ಉಪ್ಪಿಗೆ ಸಂಬಂಧಿಸಿದ ಲ್ಯಾಟಿನ್ ಪದದಿಂದ, ಬಹುಶಃ ಅದು ಮೊದಲು ಉಪ್ಪಿನ ಹೆಸರಿನಲ್ಲಿ ಕೊಡುತ್ತಿದ್ದ ಒಂದು ಭತ್ಯೆ. ‘ಬಹುಶಃ’ ಎಂಬುದನ್ನು ನುಂಗಬೇಡಿ. ಬೋರ್ಡಿನ ಮೇಲೆ ಬರೆಯಲು ಅದೇ ಬೇರಿನ ಬೇರೆ ಪದಗಳು ಬೇಕಾದಷ್ಟಿವೆ: ಉಪ್ಪು ಹಾಕಿದ ಸೊಪ್ಪು ಸಲಾಡ್, ಉಪ್ಪುಪ್ಪಾದದ್ದು ಸಾಸ್, ಉಪ್ಪು ಹಚ್ಚಿದ ಮಾಂಸ ಸಾಸೇಜ್ ಮತ್ತು ಸಲಾಮಿ. ಇಂಗ್ಲಿಷಿನ ಸಾಲ್ಟ್ ಮಾತ್ರ ಲ್ಯಾಟಿನ್ನಿನ ಮಗಳಲ್ಲ, ತಂಗಿ; ಎರಡೂ ಒಂದೇ ಪ್ರಾಚೀನ ಬೇರಿನಿಂದ ಬೇರೆ ಬೇರೆಯಾಗಿ ಬೆಳೆದವು. ಊಟದ ಮೇಜಿನ ಸಾಲ್ಟ್ ಸೆಲ್ಲರ್‌ನಲ್ಲಿರುವ ಸೆಲ್ಲರ್‌ಗೂ ನೆಲಮಾಳಿಗೆಗೂ ಸಂಬಂಧವಿಲ್ಲ. ಅದು ಉಪ್ಪಿನ ಬಟ್ಟಲು ಎಂಬ ಅರ್ಥದ ಹಳೆಯ ಫ್ರೆಂಚ್ ಪದ. ಅಲ್ಲಿಗೆ ಅದು ಉಪ್ಪುಪ್ಪಿನ ಬಟ್ಟಲು. ಸೋಲ್ಜರ್ ಅನ್ನು ಈ ಪಟ್ಟಿಗೆ ಸೇರಿಸುವವರಿದ್ದಾರೆ, ನೀವು ಸೇರಿಸಬೇಡಿ. ಅದು ‘ಸೊಲಿದುಸ್’ ಎಂಬ ಚಿನ್ನದ ನಾಣ್ಯದಿಂದ ಬಂದದ್ದು. ಕಾನ್‌ಸ್ಟಂಟೈನ್ ಚಕ್ರವರ್ತಿ ಒಂದು ರೋಮನ್ ಪೌಂಡ್ ಚಿನ್ನಕ್ಕೆ 72ರಂತೆ ಟಂಕಿಸಿದ ನಾಣ್ಯ, ಒಂದೊಂದೂ ಸುಮಾರು 4.5 ಗ್ರಾಂ. ದುಡ್ಡಿಗೆ ದುಡಿಯುವವನು ಸೋಲ್ಜರ್.

ಕೊನೆಗೆ ನಿಮ್ಮ ಪಗಾರ. ಪೋರ್ಚುಗೀಸಿನಲ್ಲಿ ಹಣ ಪಾವತಿ ಮಾಡುವುದಕ್ಕೆ ‘ಪಗಾರ್’ ಎನ್ನುತ್ತಾರೆ. 1510ರಲ್ಲಿ ಅವರು ಗೋವೆ ಹಿಡಿದ ಮೇಲೆ ಕೊಂಕಣಿ, ಮರಾಠಿ, ಧಾರವಾಡದ ಕನ್ನಡ ಎಲ್ಲದರಲ್ಲೂ ಅದು ಹರಡಿತು. ಪಾದ್ರಿ, ಮೇಸ್ತ್ರಿ ಬಂದದ್ದೂ ಅವರ ಹಡಗಿನಲ್ಲೇ. ಆ ‘ಪಗಾರ್’ ಹುಟ್ಟಿದ್ದು ಲ್ಯಾಟಿನ್ನಿನ ‘ಪಾಕಾರೆ’ಯಿಂದ. ಶಾಂತಿಗೆ ಲ್ಯಾಟಿನ್ನಿನಲ್ಲಿ ‘ಪಾಕ್ಸ್’, ಪಾಕಾರೆ ಎಂದರೆ ಸಮಾಧಾನ ಮಾಡುವುದು. ಬಾಕಿಗಾಗಿ ಬಾಗಿಲಲ್ಲಿ ನಿಂತವನನ್ನು ಸಮಾಧಾನ ಮಾಡಲು ಒಂದೇ ದಾರಿ ಇರುವುದರಿಂದ, ಪದಕ್ಕೆ ದುಡ್ಡು ಕೊಡುವುದು ಎಂಬ ಅರ್ಥ ಬಂತು. ಇಂಗ್ಲಿಷಿನ ‘ಪೇ’ ಕೂಡ ಫ್ರೆಂಚಿನ ಮೂಲಕ ಬಂದ ಅದೇ ಪಾಕಾರೆ. ಹಾಗಾಗಿ ನಿಮ್ಮ ಸರ್‌ಗೆ ಅರ್ಧ ಅಂಕ ಕೊಡಬಹುದು: ಪಗಾರದ ಮೂಲ ಲ್ಯಾಟಿನ್ ಎಂದದ್ದು ಸರಿ, ಉಪ್ಪು ಎಂದದ್ದು ತಪ್ಪು.